ಮೀನೂಟದ ಮೇಜಿನಲ್ಲಿ ಇಬ್ಬರು ಸದಸ್ಯರು

ಫೋಟೋದಲ್ಲಿ ಇದ್ದದ್ದು ಇಷ್ಟೇ. ಚರ್ಚಿನ ಹಾಲ್, ಶುಕ್ರವಾರದ ಮೀನೂಟ, ಉದ್ದನೆಯ ಮೇಜಿನ ತುದಿಯಲ್ಲಿ ಎದುರುಬದುರು ಕೂತ ಇಬ್ಬರು. ಹೆಂಗಸು ಫೋರ್ಕ್ ಹಿಡಿದುಕೊಂಡು ತಿನ್ನುವುದನ್ನೇ ಮರೆತಿದ್ದಾಳೆ. ಗಂಡಸು ಮುಂದಕ್ಕೆ ಬಾಗಿ ಏನೋ ಹೇಳುತ್ತಿದ್ದಾನೆ. ಹಿಂದೆ ಯಾರೋ ಖಾಲಿ ಕುರ್ಚಿಗಳನ್ನು ಮಡಿಸಿಡುತ್ತಿದ್ದಾರೆ.

ಬೇರೆ ಊರಾಗಿದ್ದರೆ ಜನ ಕಣ್ಣು ಮಿಟುಕಿಸಿ ಸುಮ್ಮನಾಗುತ್ತಿದ್ದರು. ಆದರೆ ಇದು ಓಹಾಯೋದ ಎಲ್ಮ್‌ಕ್ರೀಕ್. ಬೆಳಗಾಗುವುದರೊಳಗೆ ಊರಿನ ಫೇಸ್‌ಬುಕ್ ಗುಂಪಿನಲ್ಲಿ ಆ ಫೋಟೋದ ಕೆಳಗೆ ಸಂತೆ ನೆರೆದಿತ್ತು. "ಶಾಲಾ ಮಂಡಳಿಯ ಇಬ್ಬರು ಸದಸ್ಯರ ಗುಟ್ಟಿನ ಸಭೆ! ವಿಲೋ ಸ್ಟ್ರೀಟ್ ಶಾಲೆ ಮುಚ್ಚೋದು ಮೀನು ತಿಂತಾನೇ ತೀರ್ಮಾನ ಆಗಿದೆ!"

ಕೊರಿನ್ ವಾಡ್ನಾಲ್ ಇದನ್ನು ಓದಿದ್ದು ದಂತವೈದ್ಯರ ಕ್ಲಿನಿಕ್ಕಿನಲ್ಲಿ, ಒಬ್ಬ ರೋಗಿ ಎದ್ದು ಇನ್ನೊಬ್ಬರು ಕೂರುವ ನಡುವೆ. ಹಲ್ಲು ಶುಚಿ ಮಾಡುವುದು ಅವಳ ಕೆಲಸ. ವಯಸ್ಸು ನಲವತ್ತಾರು. ಗಂಡನಿಂದ ಬೇರೆಯಾಗಿ ಬಹಳ ಕಾಲವಾಗಿತ್ತು, ಮಗಳು ಕಾಲೇಜಿಗೆಂದು ದೂರ ಹೋಗಿದ್ದಳು. ಊರಿನವರು ವೋಟು ಹಾಕಿ ಅವಳನ್ನು ಐದು ಜನರ ಶಾಲಾ ಮಂಡಳಿಗೆ ಕಳಿಸಿದ್ದರು. ಮೇಷ್ಟರುಗಳ ಸಂಬಳ, ಬಸ್ಸು, ಚಳಿಗಾಲದಲ್ಲಿ ಶಾಲೆಯನ್ನು ಬೆಚ್ಚಗಿಡುವ ಬಾಯ್ಲರ್, ಯಾವ ಬೀದಿಯ ಮಗು ಯಾವ ಶಾಲೆಗೆ ಎಂಬುದು, ಎಲ್ಲವೂ ಆ ಐವರ ಕೈಯಲ್ಲಿ. ಬೆಳಿಗ್ಗೆ ಯಾರ ಹಲ್ಲಿನ ಪಾಚಿ ಕೆರೆದಿದ್ದಳೋ ಅವರೇ ಸಂಜೆ ಎದುರು ನಿಂತು ಜವಾಬು ಕೇಳುತ್ತಿದ್ದರು, ಅವಳು ಕೊಡಲೇಬೇಕಿತ್ತು. ಇಂಥದ್ದೊಂದು ಏರ್ಪಾಡು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ಎಂದು ಅವಳಿಗೆ ಇವತ್ತಿಗೂ ಬೆರಗು.

ಫೋಟೋದ ಗಂಡಸು ವೆಂಡೆಲ್ ಹ್ರೂಸ್ಕಾ. ಮುಖ್ಯ ಬೀದಿಯಲ್ಲಿ ನಲ್ಲಿ, ಪೈಪುಗಳ ಅಂಗಡಿ ಇಟ್ಟವನು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವನೂ ಮಂಡಳಿಯ ಸದಸ್ಯನೇ. ಸಾಲದ್ದಕ್ಕೆ, ಕಟ್ಟಡಗಳನ್ನು ನೋಡಿಕೊಳ್ಳುವ ಮೂವರ ಸಮಿತಿಯಲ್ಲಿ ಕೊರಿನ್‌ಗೆ ಜೊತೆಗಾರ. ಮೂರನೆಯವರು ಮಂಡಳಿಯ ಅಧ್ಯಕ್ಷೆ ಗ್ಲೆನ್ನಾ ಪ್ರೂಯಿಟ್, ಎಪ್ಪತ್ತು ದಾಟಿದ ನಿವೃತ್ತ ಗಣಿತದ ಟೀಚರು.

ತೊಡಕು ಇದ್ದದ್ದೇ ಇಲ್ಲಿ. ಸಮಿತಿಯ ಹೆಚ್ಚಿನ ಪಾಲು ಸದಸ್ಯರು ಒಂದೆಡೆ ಸೇರಿ ಶಾಲೆಯ ಮಾತೆತ್ತಿದರೆ ಕಾನೂನಿನ ಪ್ರಕಾರ ಅದು ಸಭೆ. ಸಭೆಯೆಂದ ಮೇಲೆ ಮೊದಲೇ ಊರಿಗೆ ತಿಳಿಸಬೇಕು, ಬಾಗಿಲು ತೆರೆದಿಡಬೇಕು. ಮೂವರಲ್ಲಿ ಇಬ್ಬರೆಂದರೆ ಹೆಚ್ಚಿನ ಪಾಲೇ ಆಯಿತಲ್ಲ. ಹಾಗಾಗಿ ಕೊರಿನ್ ಮತ್ತು ವೆಂಡೆಲ್ ತಮಗೆ ಎಲ್ಲಕ್ಕಿಂತ ಪ್ರಿಯವಾದ ವಿಷಯವನ್ನು ಊರಿನ ಕಣ್ಣೆದುರಲ್ಲದೆ ಬೇರೆಲ್ಲೂ ಆಡುವಂತಿರಲಿಲ್ಲ.

ಊರಿನ ಕಣ್ಣೆದುರು ಆಡಿದ್ದೇನು ಕಡಿಮೆಯೇ? ವೆಂಡೆಲ್ ಕನ್ನಡಕದ ಮೇಲಿಂದ ಅವಳನ್ನು ನೋಡಿ, "ಆ ಬಾಯ್ಲರ್ ಇನ್ನೊಂದು ಚಳಿಗಾಲ ತಡೆಯುತ್ತೆ ಅಂತ ನನ್ನ ನಂಬಿಕೆ, ನಿಮ್ಮದು?" ಎಂದು ಕೇಳುತ್ತಿದ್ದ. ಅವಳು, "ನೀವು ನೋಡಿಕೊಂಡರೆ ತಡೆಯುತ್ತೆ," ಎನ್ನುತ್ತಿದ್ದಳು. ಅವನು ನಗು ಅಡಗಿಸಲು ಕಾಗದದ ಮೇಲೆ ಬಗ್ಗುತ್ತಿದ್ದ, ಕಿವಿಯ ತುದಿ ಮಾತ್ರ ಕೆಂಪಾಗಿ ಕಾಣುತ್ತಿತ್ತು. ಬಾಯ್ಲರ್ ಎಂಬ ಮಾತಿಗೆ ಎದೆ ಡವಗುಟ್ಟುವ ಹೆಂಗಸು ಓಹಾಯೋದಲ್ಲಿ ತಾನೊಬ್ಬಳೇ ಇರಬೇಕು ಎಂದು ಕೊರಿನ್ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಶನಿವಾರ ಮಧ್ಯಾಹ್ನ ಗ್ಲೆನ್ನಾರ ಫೋನ್ ಬಂತು.

"ಏನಮ್ಮಾ, ಮೀನು ಚೆನ್ನಾಗಿತ್ತಾ?"

"ಆಣೆ ಮಾಡಿ ಹೇಳ್ತೀನಿ ಗ್ಲೆನ್ನಾ, ಶಾಲೆ ಮಾತು ಒಂದಕ್ಷರ ಆಡಿಲ್ಲ."

"ಎರಡು ಗಂಟೆ ಹೊತ್ತು?"

"ಹೂಂ."

"ಮತ್ತೆ ಏನು ಮಾತಾಡಿದ್ರಿ?"

"ಅದೂ ಇದೂ," ಎಂದಳು ಕೊರಿನ್.

"ಓ," ಎಂದರು ಗ್ಲೆನ್ನಾ. ಜೀವಮಾನವೆಲ್ಲ ಹದಿಹರೆಯದವರಿಗೆ ಪಾಠ ಹೇಳಿದವರಿಗೆ ಅಷ್ಟು ಸಾಕಿತ್ತು. "ಹಾಗಾದ್ರೆ ಇನ್ನೂ ಕಷ್ಟ ಕಣೇ. ಗುಟ್ಟಿನ ಸಭೆ ಆಗಿದ್ರೆ ವಕೀಲರನ್ನ ಕೇಳಬಹುದಿತ್ತು. ಇದಕ್ಕೆ ಯಾರನ್ನ ಕೇಳೋಣ?"

ನಗುವ ಹೊತ್ತಾಗಿರಲಿಲ್ಲ. ಮೇ ತಿಂಗಳಲ್ಲಿ ಶಾಲಾ ತೆರಿಗೆಗೆ ವೋಟು ನಡೆಯಲಿತ್ತು. ಎಲ್ಮ್‌ಕ್ರೀಕ್‌ನಲ್ಲಿ ಮನೆಗಳ ಬೆಲೆ ಜಾಸ್ತಿ ಎಂದು ಸರ್ಕಾರ ಕೊಡುವುದು ಅಷ್ಟಕ್ಕಷ್ಟೇ. ಉಳಿದದ್ದು ಮನೆ ತೆರಿಗೆಯಿಂದ ಬರಬೇಕು, ಅದೂ ಜನ ಒಪ್ಪಿ ವೋಟು ಹಾಕಿದರೆ ಮಾತ್ರ. ಖರ್ಚು ಏರುತ್ತದೆ, ತೆರಿಗೆ ಏರುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಮಂಡಳಿ ಜೋಳಿಗೆ ಹಿಡಿದು ಊರ ಮುಂದೆ ನಿಲ್ಲಲೇಬೇಕು. ಈ ಸಲ ಜನ 'ಇಲ್ಲ' ಎಂದರೆ ವಿಲೋ ಸ್ಟ್ರೀಟ್ ಶಾಲೆಗೆ ಬೇಸಿಗೆಯಲ್ಲೇ ಬೀಗ.

ಅಪಾರ್ಟ್‌ಮೆಂಟುಗಳ ಪಕ್ಕದ ಆ ಹಳೇ ಇಟ್ಟಿಗೆಯ ಶಾಲೆಗೆ ರಾಜ್ಯದವರು ಓದಿನಲ್ಲಿ ಐದಕ್ಕೆ ಎರಡೇ ನಕ್ಷತ್ರ ಕೊಟ್ಟಿದ್ದರು. ಆದರೆ ಮಕ್ಕಳು ಒಂದು ವರ್ಷದಲ್ಲಿ ಎಷ್ಟು ಮುಂದೆ ಬಂದರು ಎಂಬುದಕ್ಕೆ ಐದಕ್ಕೆ ಐದು. ಸೆಪ್ಟೆಂಬರಿನಲ್ಲಿ ಒಂದು ಪದವೂ ಓದಲು ಬಾರದ ಹುಡುಗಿಯೊಬ್ಬಳು ಫೆಬ್ರವರಿಯಲ್ಲಿ ಕಪ್ಪೆಯ ಕಥೆಯನ್ನು ಗಟ್ಟಿಯಾಗಿ ಓದಿದ್ದನ್ನು ಕೊರಿನ್ ಬಾಗಿಲಲ್ಲಿ ನಿಂತು ಕೇಳಿದ್ದಳು. ಪ್ರಾರ್ಥನೆಗೆ ನಿಂತಂತೆ ಮೈ ಜುಮ್ಮೆಂದಿತ್ತು.

ತನ್ನಿಂದಾಗಿ ಆ ಶಾಲೆ ಮುಚ್ಚಿದರೆ? ಜೊತೆಗೆ ಇನ್ನೊಂದು ಸಂಕಟ. ಶುಕ್ರವಾರದಿಂದ ವೆಂಡೆಲ್ ಒಂದು ಫೋನೂ ಮಾಡಿರಲಿಲ್ಲ.

ಸೋಮವಾರ ಸಂಜೆ ಹೈಸ್ಕೂಲಿನ ಊಟದ ಹಾಲ್ ಕಿಕ್ಕಿರಿದಿತ್ತು. ತೆರಿಗೆ ಗೆದ್ದರೆ ವಿಲೋ ಸ್ಟ್ರೀಟ್ ಉಳಿಸಬೇಕೇ ಎಂದು ಮಂಡಳಿ ವೋಟು ಹಾಕುವುದು ಅವತ್ತೇ. ಐವರೂ ಮೇಜಿನ ಹಿಂದೆ ಕೂತರು. ವೆಂಡೆಲ್ ಆ ತುದಿ, ಕೊರಿನ್ ಈ ತುದಿ. ಅವನು ತಲೆಯೆತ್ತಿ ನೋಡಲಿಲ್ಲ. ಸಾರ್ವಜನಿಕರ ಸರದಿ ಬಂತು. ಯಾರು ಬೇಕಾದರೂ ಮೈಕಿನ ಮುಂದೆ ನಿಂತು, ಹೆಸರು ವಿಳಾಸ ಹೇಳಿ, ಮೂರು ನಿಮಿಷ ಮಾತಾಡಬಹುದು. ಮೊದಲು ಎದ್ದವರು ರೇ ಡೊಂಬ್ರೌಸ್ಕಿ, ಬಸ್ಸು ಓಡಿಸಿ ನಿವೃತ್ತರಾದವರು. ಅವರು 'ಹೂಂ' ಎಂದರೆ ಅರ್ಧ ಊರು 'ಹೂಂ' ಎನ್ನುತ್ತಿತ್ತು.

"ನನ್ನ ಮಕ್ಕಳು ಓದಿ ಮುಗಿಸಿ ಯಾವ ಕಾಲ ಆಯ್ತೋ. ಆದ್ರೂ ಶಾಲೆ ತೆರಿಗೆ ಬಂದಾಗಲೆಲ್ಲ ಹೌದು ಅಂತಾನೇ ಹಾಕಿದ್ದೀನಿ. ಯಾಕೆ ಹೇಳಿ? ನಾನು ವಿಲೋ ಸ್ಟ್ರೀಟ್‌ನಲ್ಲಿ ಓದುವಾಗ ಯಾರೋ ಮುದುಕರು ನನಗೋಸ್ಕರ ತೆರಿಗೆ ಕಟ್ಟಿದ್ರು. ಅವರ ಮುಖಾನೂ ನಾನು ನೋಡಿಲ್ಲ. ಆ ಋಣ ಅದು. ಆದ್ರೆ ಬೆನ್ನ ಹಿಂದೆ ತೀರ್ಮಾನ ಮಾಡೋರಿಗೆ ಒಂದು ಸೆಂಟೂ ಕೊಡಲ್ಲ. ಕೊರಿನ್, ಆ ಎರಡು ಗಂಟೆ ಏನು ಮಾತಾಡಿದ್ರಿ? ಅಷ್ಟು ಹೇಳಿಬಿಡಿ ಸಾಕು."

"ರೇ, ಸದಸ್ಯರು ಈ ಹೊತ್ತಲ್ಲಿ ಉತ್ತರ ಕೊಡೋ ಪದ್ಧತಿ ಇಲ್ಲ," ಎಂದರು ಗ್ಲೆನ್ನಾ.

"ಬೆಂಕಿ ಇಲ್ಲದೆ ಹೊಗೆ ಆಡುತ್ತಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

ಸುಮ್ಮನೆ ಕೂತರೆ ಕೊರಿನ್‌ಳ ಮಾನ ಉಳಿಯುತ್ತಿತ್ತು. ಅವಳು ರೇ ಮುಖ ನೋಡಿದಳು. ಎಂದೂ ಕಾಣದ ಮುದುಕರ ಋಣವನ್ನು ಎಂದೂ ಕಾಣದ ಮಕ್ಕಳಿಗೆ ತೀರಿಸುತ್ತಿರುವ ಮನುಷ್ಯ. ಇವರಿಗೆ ಸುಳ್ಳೂ ಹೇಳಲಾಗದು, ಮೌನವೂ ಸಲ್ಲದು ಅನ್ನಿಸಿತು. ಎದ್ದು, ಮೇಜು ಬಳಸಿ ಕೆಳಗಿಳಿದು, ಊರಿನವರಲ್ಲಿ ಒಬ್ಬಳಂತೆ ಮೈಕಿನ ಮುಂದೆ ಹೋಗಿ ನಿಂತಳು.

ಗ್ಲೆನ್ನಾ ಒಂದು ಗಳಿಗೆ ಅವಳನ್ನೇ ನೋಡಿದರು. "ಹೆಸರು, ವಿಳಾಸ."

"ಕೊರಿನ್ ವಾಡ್ನಾಲ್, ಬರ್ಚ್ ಲೇನ್." ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅವತ್ತು ಶಾಲೆ ಮಾತು ಆಡಬಾರದು ಅಂತ ಇಬ್ಬರೂ ಮೊದಲೇ ಒಪ್ಪಂದ ಮಾಡ್ಕೊಂಡಿದ್ವಿ. ಅಪ್ಪಿತಪ್ಪಿ ಬಾಯಿಗೆ ಬಂದ್ರೆ 'ಉಪ್ಪು ಕೊಡಿ' ಅನ್ನಬೇಕು. ಎಷ್ಟು ಸಲ ಉಪ್ಪು ಕೇಳಿದ್ವಿ ಅಂದ್ರೆ, ಕೊನೆಗೆ ಆ ಮೀನು ಬಾಯಿಗೆ ಇಡೋ ಹಾಗಿರಲಿಲ್ಲ."

ಅಲ್ಲಲ್ಲಿ ನಗು ಹೊರಟಿತು. ರೇ ನಗಲಿಲ್ಲ.

"ಮಗಳು ಹೋದ್ಮೇಲೆ ರೇಡಿಯೋ ಜೊತೆ ಜಗಳ ಆಡೋ ಅಭ್ಯಾಸ ಆಗಿದೆ ಅಂತ ನಾನು ಹೇಳಿದೆ. ವೆಂಡೆಲ್ ಹೇಳಿದ್ದು ಅವರ ಸ್ವಂತದ್ದು, ಅದನ್ನ ಇಲ್ಲಿ ಹೇಳಲ್ಲ. ಕೇಳ್ತಾ ಕೇಳ್ತಾ ನನಗೆ ಅಳು ಬಂತು, ಅಷ್ಟೇ ಹೇಳ್ತೀನಿ. ಇನ್ನೊಂದು ಮಾತು ನನ್ನಲ್ಲೇ ಉಳಿದಿತ್ತು. ಅದನ್ನೂ ಹೇಳಿಬಿಡ್ತೀನಿ, ನಾಳೆ ಯಾರೂ ನಾನು ಮುಚ್ಚಿಟ್ಟೆ ಅನ್ನಬಾರದು. ಈ ಮನುಷ್ಯ ಅಂದ್ರೆ ನನಗೆ ಇಷ್ಟ. ಬಹಳ ಇಷ್ಟ. ಅವರಿಗೂ ಹಾಗಿದೆಯೋ ಇಲ್ಲವೋ ಗೊತ್ತಿಲ್ಲ. ವಿಲೋ ಸ್ಟ್ರೀಟ್ ಬಗ್ಗೆ ಅವರು ಹೇಗೆ ವೋಟು ಹಾಕ್ತಾರೋ ಅದೂ ಗೊತ್ತಿಲ್ಲ. ಎರಡಕ್ಕೂ ಒಂದೇ ಸಮ ಹೆದರ್ತಿದ್ದೀನಿ."

ಕೊರಿನ್ ನೆಲ ನೋಡುತ್ತಾ ತನ್ನ ಕುರ್ಚಿಗೆ ಮರಳಿದಳು. ಕೂತು ತಲೆಯೆತ್ತಿದಾಗ ಮೇಜಿನ ಆ ತುದಿ ಖಾಲಿಯಾಗಿತ್ತು. ಹೊರಟೇ ಹೋದನೆ?

ವೆಂಡೆಲ್ ಎಲ್ಲಿಗೂ ಹೋಗಿರಲಿಲ್ಲ. ಮೈಕಿನ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಂತಿದ್ದ.

ಮುಂದೆ ಇನ್ನಿಬ್ಬರಿದ್ದರು, ಅವರು ಸರದಿ ಬಿಡುವ ಪೈಕಿಯಲ್ಲ. ಒಬ್ಬಾಕೆ ಬಸ್ ನಿಲ್ಲುವ ಮೂಲೆಯಲ್ಲಿ ಹಿಮ ತೆಗೆದಿಲ್ಲ ಎಂದು ದೂರಿದಳು. ಇನ್ನೊಬ್ಬ ಫುಟ್‌ಬಾಲ್ ಮೈದಾನದ ತುಂಬ ಬಾತುಗಳು ಮಾಡುವ ಹೊಲಸಿನ ಬಗ್ಗೆ ಮೂರು ನಿಮಿಷವನ್ನೂ ಬಿಡದೆ ಮಾತಾಡಿದ. ವೆಂಡೆಲ್ ಆ ದೊಡ್ಡ ಕೈಗಳಲ್ಲಿ ಟೋಪಿ ಹಿಂಡುತ್ತಾ, ಕೊರಿನ್‌ಳ ಮೇಲಿಂದ ಕಣ್ಣು ತೆಗೆಯದೆ ಕಾದ. ಊರಿನವರು ಬಾತಿನ ಮಾತು ಕೇಳುತ್ತಾ ಅವನನ್ನೇ ನೋಡಿದರು. ಪ್ರೀತಿಯೂ ಸರದಿಯಲ್ಲಿ ನಿಲ್ಲಬೇಕಾದ ಊರು ಇದು, ಎಂಥ ಊರು ಎಂದು ಕೊರಿನ್‌ಗೆ ಅಷ್ಟು ಭಯದಲ್ಲೂ ಅನ್ನಿಸಿತು.

"ವೆಂಡೆಲ್ ಹ್ರೂಸ್ಕಾ, ಮಿಲ್ ರೋಡ್," ಎಂದು ಅವನು ಕೊನೆಗೂ ಹೇಳಿದ. "ಮೂರು ನಿಮಿಷ ಬೇಕಾಗಲ್ಲ. ಶುಕ್ರವಾರದಿಂದ ಇವರಿಗೆ ನಾನು ಫೋನ್ ಮಾಡಲಿಲ್ಲ. ಮಾಡಿದ್ರೆ ಇಬ್ಬರೂ ಉತ್ತರ ಹೊಂದಿಸ್ಕೊಂಡ್ರು ಅಂತೀರಿ ನೀವು. ಅದು ನನಗೆ ಎಷ್ಟು ಕಷ್ಟ ಆಯ್ತು ಅಂತ ನನ್ನ ಅಂಗಡಿ ಹುಡುಗರನ್ನ ಕೇಳಿ, ಬೆಳಗಿಂದ ಸಂಜೆ ತನಕ ಎಲ್ಲರ ಮೇಲೂ ರೇಗಿದ್ದೀನಿ." ಉಸಿರೆಳೆದುಕೊಂಡ. "ಕಟ್ಟಡ ಸಮಿತಿ ಬಿಡ್ತಿದ್ದೀನಿ. ಐವರ ಮಂಡಳಿಯಲ್ಲಿ ಇಬ್ಬರು ಮಾತಾಡಿದ್ರೆ ಅದು ಸಭೆ ಅಲ್ಲ ತಾನೆ, ಗ್ಲೆನ್ನಾ?"

ಗ್ಲೆನ್ನಾ ಬೆರಳು ಮಡಿಸಿ ನೋಡಿದರು. "ಅಲ್ಲ. ಲೆಕ್ಕ ಸರಿಯಾಗಿದೆ."

"ಹಾಗಾದ್ರೆ ಇನ್ನು ಮೇಲೆ ಈ ಹೆಂಗಸಿನ ಜೊತೆ ಎಲ್ಲ ಮಾತೂ ಆಡಬೇಕು ಅಂತಿದ್ದೀನಿ. ಬದುಕಿರೋ ತನಕ, ಅವರು ಒಪ್ಪಿದ್ರೆ. ವಿಲೋ ಸ್ಟ್ರೀಟ್ ಬಗ್ಗೆ ನನ್ನ ಮನಸ್ಸಲ್ಲಿ ಏನಿದೆ ಅಂತ ಇನ್ನೊಂದು ಗಳಿಗೇಲಿ ಎಲ್ಲರೂ ಒಟ್ಟಿಗೆ ಕೇಳ್ತೀರಿ. ಅವರೂ ಆಗಲೇ ಕೇಳ್ಲಿ."

ಹೆಸರು ಕೂಗಿ ವೋಟು ಕೇಳಲಾಯಿತು. ತೆರಿಗೆ ಗೆದ್ದರೆ ವಿಲೋ ಸ್ಟ್ರೀಟ್ ಉಳಿಸುವುದೋ ಬೇಡವೋ? "ಹ್ರೂಸ್ಕಾ?" ಎಂದಾಗ ಅವನು ಅವಳನ್ನೇ ನೋಡುತ್ತಾ "ಹೌದು" ಎಂದ. "ವಾಡ್ನಾಲ್?" ಎಂದಾಗ ಅವಳ ಬಾಯಿಂದಲೂ ಬಂದದ್ದು ಅದೇ. ಯಾವ ಪ್ರಶ್ನೆಗೆ ಯಾವ 'ಹೌದು' ಎಂದು ಹಾಲ್‌ನಲ್ಲಿ ಯಾರೂ ಕೇಳಲಿಲ್ಲ. ಶಾಲೆ ಉಳಿಸುವ ನಿರ್ಣಯ ಗೆದ್ದಿತು, ರೇ ಡೊಂಬ್ರೌಸ್ಕಿ ಮೊದಲು ಚಪ್ಪಾಳೆ ಹೊಡೆದರು.

ಹೊರಗೆ ಕಾರುಗಳ ನಡುವೆ ಮಾರ್ಚಿನ ಕೊನೆಯ ಹಿಮ ಕಪ್ಪಾಗಿ ಗುಡ್ಡೆ ಬಿದ್ದಿತ್ತು. ವೆಂಡೆಲ್ ಅವಳ ಎರಡೂ ಕೈ ಹಿಡಿದುಕೊಂಡ. ಅವಳು ಕಾಲ್ಬೆರಳ ತುದಿಯಲ್ಲಿ ನಿಂತು ಮುತ್ತು ಕೊಟ್ಟಳು. ಹೊರಟಿದ್ದ ಕಾರುಗಳ ದೀಪ ಒಂದೊಂದಾಗಿ ಅವರ ಮೇಲೆ ಹಾದುಹೋಯಿತು, ಅವಳು ಮರೆಗೆ ಸರಿಯಲಿಲ್ಲ.

ಹಿಂದೆ ಹಾರ್ನ್ ಮೊಳಗಿತು. ರೇ ಗಾಜಿಳಿಸಿ ತಲೆ ಹೊರಹಾಕಿದರು. "ನನ್ನ ವೋಟು ಹೌದೇ. ನನ್ನ ಬೀದಿಯವರನ್ನೂ ನಾನೇ ನೋಡ್ಕೋತೀನಿ. ಈಗ ಸ್ವಲ್ಪ ದಾರಿ ಬಿಡ್ತೀರಾ ಮಹರಾಯರೇ?"

ಮೇ ತಿಂಗಳಲ್ಲಿ ತೆರಿಗೆ ಕೂದಲೆಳೆಯ ಅಂತರದಲ್ಲಿ ಗೆದ್ದಿತು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಇಬ್ಬರೂ ವಿಲೋ ಸ್ಟ್ರೀಟ್ ಶಾಲೆಯ ಎದುರಿನ ಫುಟ್‌ಪಾತಿನಲ್ಲಿ ನಿಂತರು. ಹಳದಿ ಬಸ್ಸುಗಳಿಂದ ಮಕ್ಕಳು ಕಿರುಚುತ್ತಾ, ತಳ್ಳಾಡುತ್ತಾ, ಇಳಿದಿಳಿದು ಒಳಗೆ ನುಗ್ಗುತ್ತಿದ್ದರು. ಇವರಿಗೆಂದು ಊರಿನ ಸಾವಿರಾರು ಅಪರಿಚಿತರು ನಿನ್ನೆ ಸಾಲಿನಲ್ಲಿ ನಿಂತು ತಮ್ಮ ಜೇಬಿಗೆ ತಾವೇ ಕತ್ತರಿ ಹಾಕಿಕೊಂಡಿದ್ದರು. ಕೊರಿನ್‌ಳ ಕಣ್ಣು ತುಂಬಿತು.

"ಪಾಪ, ಇವಕ್ಕೆ ಏನೂ ಗೊತ್ತೇ ಇಲ್ಲ," ಎಂದಳು.

"ಗೊತ್ತಾಗೋದೂ ಬೇಡ ಬಿಡು," ಎಂದ ವೆಂಡೆಲ್. ಆಮೇಲೆ, ಬಸ್ಸುಗಳ ಗದ್ದಲದ ನಡುವೆಯೇ, "ನನ್ನ ಮದುವೆ ಆಗ್ತೀಯಾ?" ಎಂದು ಕೇಳಿದ.

ಅವಳು ಹೂಂ ಎಂದು ತಲೆಯಾಡಿಸಿದಳು. ಎದುರಿಗೆ ಕೊನೆಯ ಮಗುವೊಂದು ಬಿಚ್ಚಿದ ಬೂಟಿನ ದಾರ ಎಳೆದುಕೊಂಡು ಓಡಿ ಒಳಗೆ ಸೇರಿಕೊಂಡಿತು.