ಸಹಿಯಿಲ್ಲದ ಮೊನೆ

"ಸಹಿ ಹಾಕು!"

ಮಾರ್ನಿ ಕೈಬಿಟ್ಟ ಕಲ್ಲಿನ ಬಾಣದ ಮೊನೆ ಮೇಜಿಗೆ ತಾಗುವ ಮೊದಲೇ ರಾಯ್ಸ್‌ನ ಅಂಗೈ ಅದರ ಕೆಳಗಿತ್ತು. ಅವನು ಮೊದಲು ಕಲ್ಲನ್ನು ನೋಡಿದ. ಆಮೇಲೆ ತಲೆಯೆತ್ತಿ ಅವಳನ್ನು ನೋಡಿದ.

ಆರು ವರ್ಷ... ಆರು ವರ್ಷದ ಮೇಲೆ ಆ ಕಣ್ಣುಗಳು!

ಬೈಯಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಅವಳಿಗೆ ಮರೆತೇಹೋಯಿತು. ಅವನ ಮೂಗಿಗೆ ತೆಳುವಾದ ಕೊಳವೆ ಸಿಕ್ಕಿಸಿತ್ತು. ಕೊಳವೆಯ ಇನ್ನೊಂದು ತುದಿ ಕುರ್ಚಿಯ ಪಕ್ಕದ ಆಮ್ಲಜನಕದ ಸಿಲಿಂಡರಿನಲ್ಲಿತ್ತು.

"ಬಾ ಮಾರ್ನಿ. ಅಪ್ಪನ ವಿಷಯ ಕೇಳಿದೆ. ಮಣ್ಣಿಗೆ ಬರೋಕಾಗ್ಲಿಲ್ಲ... ಕ್ಷಮಿಸು" ಎಂದ ರಾಯ್ಸ್. ಅಷ್ಟು ಹೇಳುವುದಕ್ಕೇ ಅವನು ನಡುವೆ ನಿಂತು ಉಸಿರೆಳೆದುಕೊಂಡ.

"ನಿನ್ನ ಕ್ಷಮಾಪಣೆ ಕೇಳಿಸ್ಕೊಳ್ಳೋಕೆ ಬಂದಿಲ್ಲ ನಾನು. ಸಾಯೋ ಮುಂಚೆ ಅಪ್ಪ ಇದನ್ನ ನನ್ನ ಕೈಲಿಟ್ಟು, 'ರಾಯ್ಸ್ ಹತ್ರ ಸಹಿ ಹಾಕಿಸು' ಅಂದ. ಹಾಕಿಬಿಡು. ನಿನ್ನ ನನ್ನ ಋಣ ಹರಿದುಹೋಗ್ಲಿ!"

ಅವನು ಮೊನೆಯನ್ನು ಬೆಳಕಿಗೆ ಹಿಡಿದ. ಬೂದು ಕಲ್ಲಿನೊಳಗೆ ತಿಳಿ ಗುಲಾಬಿ ಎಳೆಗಳು ಕಂಡವು. ಅವನು ಮಾಡಿದ್ದರಲ್ಲೆಲ್ಲ ಚೆಂದದ್ದು ಅದೇ.

"ಸ್ವಲ್ಪ ಟೈಮ್ ಕೊಡ್ತೀಯಾ?"

ಅದೇ ಮಾತು! ಅಂದೂ ಇದನ್ನೇ ಹೇಳಿದ್ದನಲ್ಲ! ಮಾರ್ನಿ ಮುಖ ತಿರುಗಿಸಿಕೊಂಡು ಹೊರಟಳು.

ಓಹಾಯೋದ ಆ ಗುಡ್ಡದ ಮೇಲೆ ಪ್ರತಿ ಸೆಪ್ಟೆಂಬರಿನಂತೆ ಚಕಮಕಿ ಕಲ್ಲಿನಲ್ಲಿ ಹಳೇ ಕಾಲದಂಥ ಬಾಣದ ಮೊನೆ ಮಾಡುವವರ ಕೂಟ ನೆರೆದಿತ್ತು. ಓಕ್ ಮರಗಳ ಕೆಳಗೆ ಟಾರ್ಪಾಲು ಹಾಸಿ, ತೊಡೆಗೆ ದಪ್ಪ ಚರ್ಮ ಕಟ್ಟಿಕೊಂಡು, ಜಿಂಕೆಕೊಂಬಿನಿಂದ ಚಕ್ಕೆ ಎಬ್ಬಿಸುತ್ತ ಕೂತವರೇ ಎಲ್ಲ ಕಡೆ. ಎಲ್ಲರೂ ಗಾಳಿ ನೋಡಿಕೊಂಡೇ ಕೂತಿದ್ದರು. ಕಲ್ಲಿನ ಪುಡಿ ಮೂಗಿಗೆ ಹೋದರೆ ಹೊರಗೆ ಬರುವ ಮಾತಿಲ್ಲ.

ಇನ್ನೊಂದು ಕಟ್ಟಳೆಯನ್ನೂ ಅಲ್ಲಿ ಯಾರೂ ಮೀರುವುದಿಲ್ಲ. ಮಾಡಿದ ಮೊನೆಯ ಬುಡದಲ್ಲಿ ಹೆಸರಿನ ಅಕ್ಷರ, ವರ್ಷ ಗೀರಲೇಬೇಕು. ಇಲ್ಲದಿದ್ದರೆ ನಾಳೆ ಅದು ಹಳೇ ಕಾಲದವರದ್ದೆಂದು ಯಾರನ್ನಾದರೂ ಮೋಸ ಮಾಡೀತು. ಸಹಿ ಬಿದ್ದರೇ ಕಲ್ಲು ಮುಗಿದ ಹಾಗೆ.

ಆ ಕಟ್ಟಳೆ ಮೀರಿದವನು ರಾಯ್ಸ್. ಮೋಸ ಹೋದವನು ಅವಳ ಅಪ್ಪ ಹಾರ್ಲನ್.

ಕೂಟಕ್ಕೆಲ್ಲ ಹಿರಿಯಳಾದ ಓಪಲಜ್ಜಿಯ ಗಾಜಿನ ಪೆಟ್ಟಿಗೆಯ ಮುಂದೆ ಮಾರ್ನಿಯ ಕಾಲು ನಿಂತಿತು. ಒಳಗೆ ಹಳೇ ಕಾಲದ ನಿಜವಾದ ಮೊನೆಗಳಿದ್ದವು. ನಡುವಿನ ಬಿಳಿ ಮೊನೆ ಎಲೆಯಷ್ಟು ತೆಳುವಾಗಿತ್ತು. ಅದನ್ನು ಮಾಡಿದವರು ಹೋಗಿ ಸಾವಿರಾರು ವರ್ಷ ಆಗಿದ್ದರೂ ಅಂಚು ಇನ್ನೂ ಹರಿತ! ಎಷ್ಟು ಚೆಂದ... ಇಂಥದ್ದೊಂದು ಸಿಗಲಿ ಎಂದು ಅಪ್ಪ ಜೀವನವಿಡೀ ಉತ್ತ ಹೊಲಗಳಲ್ಲಿ ತಲೆ ತಗ್ಗಿಸಿ ನಡೆದ. ಸಿಕ್ಕಿದ್ದೆಲ್ಲ ಮುರುಕುಗಳೇ.

ಕೊನೆಗೊಂದು ವಸಂತದಲ್ಲಿ, ನೆರೆ ಇಳಿದ ಮೇಲೆ, ಮನೆ ಮುಂದಿನ ಹಳ್ಳದಲ್ಲಿ ಇಡೀ ಮೊನೆಯೊಂದು ಸಿಕ್ಕಿತು. ಅಪ್ಪ ಚಿಕ್ಕ ಹುಡುಗನಂತೆ ಕುಣಿದಾಡಿದ್ದ! ಅದನ್ನು ಚೌಕಟ್ಟಿನ ನಡುವೆ ಕೂರಿಸಿ ಇದೇ ಕೂಟಕ್ಕೆ ತಂದಿದ್ದ.

"ಹಾರ್ಲನ್, ಇದು ನಿಮ್ಮ ರಾಯ್ಸ್ ಕೈಕೆಲಸ ಕಣಯ್ಯಾ!" ಎಂದು ಯಾರೋ ಕೂಗಿದರು. ಎಲ್ಲರೂ ಗೊಳ್ಳೆಂದು ನಕ್ಕರು.

"ನೀನು ಮಾಡಿದ್ದಾ?" ಎಂದ ಅಪ್ಪ.

"ಹೌದು" ಎಂದ ರಾಯ್ಸ್. ಅಷ್ಟೇ. ಆಮೇಲೆ ಬಾಯಿಗೆ ಬೀಗ ಹಾಕಿಕೊಂಡ.

ಅಪ್ಪ ಮತ್ತೆ ಹೊಲಕ್ಕೆ ಇಳಿಯಲಿಲ್ಲ. ಮಾರ್ನಿ ಎಲ್ಲರೆದುರೇ ರಾಯ್ಸ್‌ಗೆ ಹೇಳಿದ್ದಳು, "ಮುದುಕನ್ನ ಆಡಿಕೊಳ್ಳೋಕೆ ಹಳ್ಳದಲ್ಲಿ ಹೂತಿಟ್ಟೆಯಲ್ಲ... ನಿನ್ನ ಮುಖ ತೋರಿಸ್ಬೇಡ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಏನೇ ಮಾರ್ನಿ, ಬಂದ ತಕ್ಷಣ ಜಗಳ ಶುರು ಮಾಡಿದೆಯಂತೆ?" ಓಪಲಜ್ಜಿ ಬೀನ್ಸ್ ಸೂಪಿನ ಲೋಟ ಅವಳ ಕೈಗಿಟ್ಟಳು. "ಬೈ, ಬೇಡ ಅನ್ನಲ್ಲ. ಬೇಗ ಬೈದು ಮುಗಿಸು. ಅವನ ಹತ್ರ ಜಾಸ್ತಿ ಟೈಮಿಲ್ಲ."

"ಏನಾಗಿದೆ ಅಜ್ಜಿ ಅವನಿಗೆ?"

"ಇನ್ನೇನಾಗ್ಬೇಕು? ನೀನು ಬಿಟ್ಟು ಹೋದ ಮೇಲೆ ಈ ಪೆದ್ದ ಶೆಡ್ಡಿನ ಬಾಗ್ಲು ಹಾಕ್ಕೊಂಡು ಒಳಗೇ ಕಲ್ಲು ಒಡೆದ. ಬೇಸಿಗೆ ಇಲ್ಲ, ಚಳಿ ಇಲ್ಲ. 'ಹೊರಗೆ ಕೂತ್ಕೊಳ್ಳೋ, ಗಾಳಿಗೆ ಕೂತ್ಕೊಳ್ಳೋ' ಅಂತ ಬಡ್ಕೊಂಡೆ. ಕೇಳಿದ್ನಾ? ಈಗ ಎದೆ ತುಂಬಾ ಕಲ್ಲೇ. ಡಾಕ್ಟ್ರು ಕೈಚೆಲ್ಲಿದ್ದಾರೆ ಮಗಳೇ... ಚಳಿಗಾಲ ದಾಟೋದು ಕಷ್ಟ ಅಂತೆ. ಇವತ್ತು ತನ್ನ ಹತಾರ ಎಲ್ಲಾ ಹಂಚೋಕೆ ಬಂದಿದ್ದಾನೆ."

ಅವಳು ಲೋಟವನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟಳು. ಕಾಲು ತಾನಾಗಿಯೇ ಹಿಂದಕ್ಕೆ ತಿರುಗಿತು.

'ಅಯ್ಯೋ, ಹುಚ್ಚ... ಹುಚ್ಚ!'

ರಾಯ್ಸ್ ಇನ್ನೂ ಆ ಮೊನೆಯನ್ನೇ ಹಿಡಿದು ಕೂತಿದ್ದ. ವಜ್ರದ ತುದಿಯ ಗೀರುಕಡ್ಡಿ ಪಕ್ಕದಲ್ಲೇ ಇತ್ತು. ಆದರೆ ಕಲ್ಲಿನ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

"ಯಾಕೆ ರಾಯ್ಸ್?" ಅವಳು ಅವನ ಎದುರು ನೆಲದ ಮೇಲೇ ಕೂತಳು. "ನಿಜ ಹೇಳು. ಹಳ್ಳದಲ್ಲಿ ಯಾಕೆ ಇಟ್ಟೆ ಇದನ್ನ?"

"ಇಡ್ಲಿಲ್ಲ ಮಾರ್ನಿ. ಎಸೆದೆ."

"ಎಸೆದೆಯಾ?"

"ನಿಮ್ಮಪ್ಪನ ಹತ್ರ ನಿನ್ನ ಕೇಳೋಕೆ ಬರ್ತೀನಿ ಅಂದಿದ್ದ ಸಂಜೆ..."

"ನೀನು ಬರ್ಲೇ ಇಲ್ಲ! ಕಿಟಕೀಲಿ ಕಾಯ್ತಾ ನಿಂತಿದ್ದೆ. ಸೇತುವೆ ತನಕ ಬಂದು ವಾಪಸ್ ಹೋದೆ. ಮಾರನೇ ದಿನ 'ಸ್ವಲ್ಪ ಟೈಮ್ ಕೊಡು' ಅಂತ ನೆಲ ನೋಡ್ತಾ ಹೇಳಿದೆ."

"ಬಂದಿದ್ದೆ ಕಣೇ. ಹೊಲದ ಕಡೆಯಿಂದ, ಹಿಂದಿನ ಬಾಗ್ಲಿಗೆ." ಅವನು ಉಸಿರಿಗಾಗಿ ನಿಂತ. "ನಿಮ್ಮಪ್ಪ ಒಳಗೇ ಕರೀಲಿಲ್ಲ. 'ಕಲ್ಲು ಕುಟ್ಕೊಂಡು ಬದುಕೋನಿಗೆ ನನ್ನ ಮಗಳನ್ನ ಕೊಡಲ್ಲ' ಅಂದ್ರು. ಜೇಬಲ್ಲಿ ಇದಿತ್ತು... ನಿನಗೇ ಅಂತ ಮಾಡಿದ್ದು. ನೀನು ಹೂಂ ಅಂದ್ಮೇಲೆ ಇಬ್ಬರ ಅಕ್ಷರಾನೂ ಒಟ್ಟಿಗೆ ಗೀರೋಣ ಅಂತ ಸಹಿ ಹಾಕಿರ್ಲಿಲ್ಲ. ಸೇತುವೆ ಮೇಲೆ ಸಿಟ್ಟು ತಡೀಲಾಗ್ಲಿಲ್ಲ. ಎಸೆದ್ಬಿಟ್ಟೆ."

ಮಾರ್ನಿ ಅದನ್ನು ನೋಡಿದ್ದಳು! ಸೇತುವೆಯ ಮೇಲೆ ಅವನು ಕೈ ಬೀಸಿ ಏನನ್ನೋ ಎಸೆದದ್ದನ್ನು ಕಿಟಕಿಯಿಂದ ಕಣ್ಣಾರೆ ಕಂಡಿದ್ದಳು. ದಾರಿಯ ಜಲ್ಲಿಕಲ್ಲಿರಬೇಕು ಎಂದುಕೊಂಡಿದ್ದಳು. ಹೇಡಿ ಎಂದುಕೊಂಡಿದ್ದಳು.

"ಸಹಿ ಇಲ್ಲದ ಕಲ್ಲನ್ನ ನೆಲಕ್ಕೆ ಬಿಡಬಾರ್ದು" ಎಂದ ಅವನು ಮೆಲ್ಲಗೆ. "ಅದು ನನ್ನದೇ ತಪ್ಪು. ನಿಮ್ಮಪ್ಪ ಅದನ್ನ ಇಲ್ಲಿಗೆ ಹಿಡ್ಕೊಂಡು ಬಂದಾಗ ಅವರ ಮುಖ ನೋಡಿದ್ಯಲ್ಲ? ಆ ಖುಷೀನ ನಾನು ಹೇಗೆ ಕಿತ್ಕೊಳ್ಳಲಿ? ಸುಮ್ನಿದ್ದೆ. ಬೇರೆಯವರು ಕಂಡುಹಿಡಿದ್ರು."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲೋ!"

"ಹೇಳಿದ್ರೆ ನೀನು ಅಪ್ಪನ್ನ ಬಿಟ್ಟು ಬರ್ತಿದ್ದೆ. ಅವರಿಗೆ ನಿನ್ನ ಬಿಟ್ರೆ ಇನ್ಯಾರಿದ್ರು? ನಾನು 'ಹೌದು' ಅಂದಾಗ ಅವರು ನನ್ನ ಮುಖಾನೇ ನೋಡಿದ್ರು. ಆ ಸಂಜೆ ನಿನಗೆ ಅಂತ ತಂದು ಎಸೆದದ್ದೇ ಇದು ಅಂತ ಅವರಿಗೆ ಆವತ್ತೇ ಅರ್ಥ ಆಯ್ತು ಅನ್ಸುತ್ತೆ."

'ರಾಯ್ಸ್ ಹತ್ರ ಸಹಿ ಹಾಕಿಸು...' ಅಪ್ಪ ಕೊನೆಗೆ ಬಾಯಿಬಿಟ್ಟು ಹೇಳಲಾರದೆ ಕೊಟ್ಟ ಒಪ್ಪಿಗೆ ಇದೇ! ಅವಳು ಮಾತ್ರ ಅದನ್ನು ಶಿಕ್ಷೆಯೆಂದು ಹೊತ್ತುಕೊಂಡು ಬಂದಿದ್ದಳು.

ದುಃಖ ಒಮ್ಮೆಲೇ ಒತ್ತರಿಸಿ ಬಂತು. ಅವನ ಮಂಡಿಯ ಮೇಲಿದ್ದ ಚರ್ಮದ ತುಂಡಿಗೆ ಹಣೆಯೊತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಯಾರ ಮೇಲೆ ಕೋಪ ಮಾಡಿಕೊಳ್ಳಬೇಕು? ಅಪ್ಪನ ಮೇಲೋ, ಇವನ ಮೇಲೋ, ತನ್ನ ನಾಲಿಗೆಯ ಮೇಲೋ? ಆರು ವರ್ಷ ಹಳ್ಳದ ನೀರಿನಂತೆ ಹರಿದುಹೋಗಿತ್ತು. ಇನ್ನು ಉಳಿದದ್ದಾದರೂ ಎಷ್ಟು?

"ಅಳ್ಬೇಡ... ಚಕ್ಕೆ ಚುಚ್ಚುತ್ತೆ ಹಣೆಗೆ" ಎಂದು ಅವನು ಅವಳ ಕೂದಲಿಂದ ಚಕ್ಕೆ ಆರಿಸಿದ.

"ಚುಚ್ಚಲಿ ಬಿಡು."

ಪಕ್ಕದ ಟಾರ್ಪಾಲಿನಿಂದ ಬಿಳಿಯ ಪುಡಿ ತೇಲಿ ಬಂತು. ರಾಯ್ಸ್ ಕೆಮ್ಮತೊಡಗಿದ. ಮಾರ್ನಿ ಎದ್ದು, ಅವನ ಕುರ್ಚಿಯನ್ನು ಸಿಲಿಂಡರಿನ ಸಮೇತ ಗಾಳಿ ಬರುವ ಕಡೆಗೆ ಎಳೆದಳು. ಕೆಮ್ಮು ನಿಲ್ಲುವವರೆಗೂ ಬೆನ್ನು ಸವರಿದಳು. ಅಂಗಿಯೊಳಗೆ ಬರೀ ಮೂಳೆಗಳು ಕೈಗೆ ಸಿಕ್ಕವು.

ಆಮೇಲೆ ಗೀರುಕಡ್ಡಿಯನ್ನು ಅವನ ಬೆರಳುಗಳ ನಡುವೆ ಇಟ್ಟಳು.

"ಈಗ ಸಹಿ ಹಾಕು."

"ಋಣ ಹರಿದುಹೋಗ್ಲಿ ಅಂತಾನಾ?"

"ಬಾಯ್ಮುಚ್ಚು. ಇಬ್ಬರ ಅಕ್ಷರಾನೂ ಹಾಕು."

ಅವನ ಕೈ ನಡುಗಿದಾಗ ಅವಳು ಮಣಿಕಟ್ಟು ಹಿಡಿದುಕೊಂಡಳು. ಒಂದು ಅಕ್ಷರ ಬಿತ್ತು. ಅದರ ಪಕ್ಕದಲ್ಲಿ ಅವಳದ್ದೂ ಬಿತ್ತು. ಪ್ರತಿ ಗೀರಿನಿಂದ ಏಳುವ ಪುಡಿಯನ್ನು ಅವನ ಮೂಗಿಗೆ ಹೋಗದಂತೆ ಅವಳು ಒದ್ದೆ ಬೆರಳಿನಿಂದ ಒರೆಸಿ ಒರೆಸಿ ತೆಗೆದಳು.

"ವರ್ಷ?" ಎಂದ ಅವನು. "ಹಳೇದನ್ನೇ ಹಾಕ್ಬೇಕು. ಮಾಡಿದ್ದು ಆವಾಗ."

"ಸಹಿ ಬಿದ್ದಾಗಲೇ ಕಲ್ಲು ಮುಗಿಯೋದು ಅಂತ ನನಗೆ ಹೇಳ್ಕೊಟ್ಟಿದ್ದು ನೀನೇ ತಾನೆ? ನಾನು ಹೂಂ ಅನ್ನೋ ತನಕ ಅಂತ ನೀನು ಸಹಿ ತಡೆದಿಟ್ಟಿದ್ದೆ. ಇವತ್ತು ಅಂತಿದ್ದೀನಿ. ಈ ವರ್ಷಾನೇ ಹಾಕು."

ರಾಯ್ಸ್ ಅವಳನ್ನೇ ನೋಡುತ್ತ ಕೂತ. ಕೊಳವೆಯ ಮೇಲೆ ಕಣ್ಣೀರು ಇಳಿಯಿತು.

"ಮಾರ್ನಿ... ಮುಂದಿನ ಕೂಟಕ್ಕೆ ನಾನಿರಲ್ಲ ಕಣೇ."

"ಗೊತ್ತು."

"ಈ ಚಳಿ ದಾಟೋದೂ ಅನುಮಾನ."

"ಅದೂ ಗೊತ್ತು. ಓಪಲಜ್ಜಿ ಹೇಳಿದ್ಲು."

"ಆದ್ರೂ ಹೂಂ ಅಂತೀಯಾ?"

ಅವಳು ಅವನ ಮಣಿಕಟ್ಟನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

"ಹೂಂ... ಗೀರು."