ಶೀಸೆಯ ತಳದ ಗಸಿ

ಶೀಸೆಯ ಪುಡಿಮದ್ದಿಗೆ ನೀರು ಬೆರೆಸಿ ಮೆಲ್ಲಗೆ ತಿರುಗಿಸುತ್ತಿದ್ದ ಡಾಕ್ಟರ್ ವೆಂಕೋಬರಾಯರ ಕೈ ತಟ್ಟನೆ ನಿಂತಿತು. ತಳದಲ್ಲಿ ಬೂದುಬಣ್ಣದ ಗಸಿ ಕೂತಿತ್ತು.

"ಲಾಲಬೀ, ಇದರಾಗ ಏನ್ ಬೆರಸೀ?"

ನರ್ಸ್ ಲಾಲಬೀ ಬಗ್ಗಿ ನೋಡಿದಳು. ಗಂಗಾವತಿಯ ಆ ಖಾಸಗಿ ದವಾಖಾನೆಯಲ್ಲಿ ಹನ್ನೊಂದು ವರ್ಷ ದುಡಿದವಳ ಮೇಲೆ, ೧೯೮೧ರ ಆ ಮುಂಜಾನೆ ಮೊದಲ ಸಲ ಸಂಶಯ ಬಿದ್ದಿತು.

ಒಂಬತ್ತು ವರ್ಷದ ಅನ್ನಮ್ಮನಿಗೆ ರಕ್ತದ ಕ್ಯಾನ್ಸರ್. ಮುಂಬಯಿಯಿಂದ ಐಸಿನಲ್ಲಿಟ್ಟು ತರಿಸಿದ ಆಸ್ಪರಾಜಿನೇಸ್ ಎಂಬ ಕಿಣ್ವ, ಕ್ಯಾನ್ಸರ್ ಕಣಗಳು ಉಣ್ಣುವ ಸತ್ವವನ್ನು ರಕ್ತದಲ್ಲೇ ಒಡೆದು ಅವುಗಳನ್ನು ಉಪವಾಸ ಕೆಡವುತ್ತಿತ್ತು. ಉಳಿದಿದ್ದ ಎರಡು ಶೀಸೆಗಳಲ್ಲಿ ಒಂದು ಈಗ ಕೆಟ್ಟಿತ್ತು. ಇವತ್ತಿನ ಡೋಸು ತಪ್ಪಿಸುವಂತಿರಲಿಲ್ಲ.

"ಯಾರು, ಯಾಕ ಮಾಡ್ಯಾರ ಗೊತ್ತಾಗೂತನಕ ಇನ್ನೊಂದನ್ನ ನಾ ಚುಚ್ಚೂದಿಲ್ಲ," ಎಂದರು ಡಾಕ್ಟರು.

ದವಾಖಾನೆಯ ಹಿಂದಿನ ಕೋಣೆಯಲ್ಲೇ ವಾಸವಾಗಿದ್ದ ನಿವೃತ್ತ ಪೊಲೀಸ್ ಜಮಾದಾರ ದುರುಗಪ್ಪನವರು ಬಂದು ಶೀಸೆಯನ್ನು ಬೆಳಕಿಗೆ ಹಿಡಿದರು. ಮೇಲೆ ಮದ್ದಿನ ನೊರೆ, ಕೆಳಗೆ ಗಸಿ. ಕಿತ್ತಿಟ್ಟ ತಗಡಿನ ಮುಚ್ಚಳದ ಅಂಚಿಗೆ ಎದುರುಬದುರು ಎರಡು ನಜ್ಜು. ಒಂದಿಷ್ಟು ಗಸಿಯನ್ನು ಬೆರಳಿಗೆ ಹಚ್ಚಿಕೊಂಡು ಆರಲು ಬಿಟ್ಟರು.

"ಫ್ರಿಜ್ಜಿಗೆ ಬೀಗ ಇತ್ತಲ್ಲ?"

"ರಾತ್ರಿ ಕರೆಂಟ್ ಹೋಗಿತ್ರಿ. ಥರ್ಮಾಸಿನ್ಯಾಗ ಐಸ್ ಹಾಕಿ ಹುಡುಗಿ ಹಾಸಿಗಿ ಬಾಜೂಕ ಇಟ್ಟಿದ್ನಿ. ನಾನು, ಕಂಪೌಂಡರ್ ಪಂಪಣ್ಣ, ಹುಡುಗಿ ಅಜ್ಜಿ ಶೇಖರಮ್ಮ, ಮೂರ ಮಂದಿ ಅಲ್ಲಿದ್ವಿ," ಎಂದಳು ಲಾಲಬೀ.

"ಮದ್ದು ಮಾರಿ ಸುಣ್ಣ ತುಂಬ್ಯಾಳ ಇಕಿ!" ಎಂದ ಪಂಪಣ್ಣ, ಲಾಲಬೀ ಕಡೆ ಬೆರಳು ಮಾಡಿ.

"ನಿನ್ನ ಬಾಯಾಗ ಬೀಳ್ಲಿ ಸುಣ್ಣ!" ಎಂದಳು ಲಾಲಬೀ.

ಬೇವೂರಿನ ಶೇಖರಮ್ಮ ಎಲೆಯಡಿಕೆ ಸಂಚಿಯನ್ನು ಮಡಿಲಲ್ಲಿಟ್ಟುಕೊಂಡು ಶಿವನಾಮ ಜಪಿಸುತ್ತ ಕೂತಿದ್ದಳು.

ದುರುಗಪ್ಪನವರು ಎಲ್ಲರನ್ನೂ ಹಾಸಿಗೆಯ ಹತ್ತಿರ ಕೂಡಿಸಿದರು.

"ಕಳ್ಳ ಆದಾವ ಮದ್ದು ತಗೊಂಡು ಬ್ಯಾರೇದು ತುಂಬ್ತಾನ. ಇಲ್ಲಿ ನೊರಿ ನೋಡ್ರಿ, ಬರೇ ಸುಣ್ಣದ ನೀರಿಗೆ ನೊರಿ ಬರೂದಿಲ್ಲ, ಮದ್ದು ಅಲ್ಲೇ ಐತಿ. ಯಾರೂ ತಗೊಂಡಿಲ್ಲ, ತಮ್ಮದೊಂದಿಷ್ಟು ಕೂಡಿಸ್ಯಾರ. ಮುಚ್ಚಳದ ಮ್ಯಾಲ ಅಡಕತ್ತರಿ ಬಾಯಿ ಗುರ್ತು ಐತಿ. ದವಾಖಾನಿ ಚಿಮಟಾ ಕೈಯಾಗಿದ್ದ ಲಾಲಬೀಗ, ಪಂಪಣ್ಣಗ ಅಡಕತ್ತರಿ ಯಾಕ ಬೇಕು?" ಆರಿದ ಬೆರಳನ್ನು ತೋರಿಸಿದರು. ಅದು ಬೆಳ್ಳಗೆ, ನುಣ್ಣಗೆ ಆಗಿತ್ತು. "ಸುಣ್ಣ ಆಗಿದ್ರ ಬೆರಳು ಉರೀತಿತ್ತು. ಇದು ವಿಭೂತಿ ರೀ."

ಶೇಖರಮ್ಮನ ಜಪ ನಿಂತಿತು. "ನಮ್ಮ ಮಠದ ಗದ್ದಿಗಿದು ಯಪ್ಪಾ. ಹಣಿಗೆ ಹಚ್ಚಿದ್ದು ಬೆವರಿಗೆ ಅಳಿಸಿ ಹೋಗತೈತಿ. ಮದ್ದಿನ ಕೂಡ ರಕ್ತಕ್ಕ ಇಳೀಲಿ ಅಂತ ಮುಚ್ಚಳ ಎಬ್ಬಿಸಿ ಚಿಟಿಕಿ ಹಾಕಿದ್ನಿ."

"ಇನ್ನೊಂದಕ್ಕ?" ಡಾಕ್ಟರು ಎರಡನೆಯ ಶೀಸೆಯನ್ನು ಎತ್ತಿ ತೋರಿಸಿದರು.

"ಒಂದು ದೇವರ ಪಾಲು, ಒಂದು ನಿಮ್ಮ ಪಾಲು ಅಂತ ಬಿಟ್ನಿ."

"ಖರೇನ ಐತಿ," ಎಂದರು ದುರುಗಪ್ಪನವರು. "ಅದರ ಮುಚ್ಚಳಕ್ಕ ಒಂದು ಗೀರೂ ಇಲ್ಲ."

ಎರಡನೆಯ ಶೀಸೆ ತಿಳಿಯಾಗಿ ಕರಗಿತು. ಲಾಲಬೀ ಸಿರಿಂಜು ತುಂಬಿದಳು. ಶೇಖರಮ್ಮ ಅವಳ ಕೈ ಹಿಡಿದು ಬಿಕ್ಕಿದಳು, "ನಿನ್ನ ಮ್ಯಾಲ ಅಪವಾದ ಬಂತಲ್ಲ ನನ್ನವ್ವಾ."

"ಆಮ್ಯಾಲ ಅಳ್ರಿ ಅಮ್ಮಾರ. ಮೊದಲ ಮೊಮ್ಮಗಳ ಕೈ ಗಟ್ಟಿ ಹಿಡೀರಿ," ಎಂದಳು ಲಾಲಬೀ.

ಸೂಜಿ ಇಳಿಯಿತು. ಅನ್ನಮ್ಮ ಅಜ್ಜಿಯ ಮುಖ ನೋಡಿದಳು.

"ಚುಚ್ಚಿದ್ದು ನನಗ. ನೀ ಯಾಕ ಅಳ್ತಿ ಆಯೀ?"