ಅಧ್ಯಕ್ಷೆಯ ಪ್ರತಿ

ಪ್ರಶ್ನೆಪತ್ರಿಕೆ ಕಾಣುತ್ತಿಲ್ಲ ಎಂದು ಹೆಲ್ಗಾ ಲಿಂಡ್‌ಕ್ವಿಸ್ಟ್ ಹೇಳಿದಾಗ ಶಿಕಾಗೋದ ಆ ಸಭಾಕೋಣೆಯಲ್ಲಿ ಎಲ್ಲರೂ ತಮ್ಮ ಮುಂದಿನ ಕಾಗದಗಳನ್ನು ತಿರುವಿ ನೋಡಿದೆವು. ರೋಗ ಬರುವ ಮೊದಲೇ ತಡೆಯುವ ವೈದ್ಯರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಮಂಡಳಿಗೆ ಅವರು ಅಧ್ಯಕ್ಷೆ. ಸದಸ್ಯರಾದ ನಾವು ತಂತಮ್ಮ ಭಾಗದ ಪ್ರಶ್ನೆಗಳನ್ನಷ್ಟೇ ನೋಡುತ್ತಿದ್ದೆವು. ಎಲ್ಲ ಭಾಗಗಳೂ ಇದ್ದದ್ದು ಅವರೊಬ್ಬರ ಪ್ರತಿಯಲ್ಲಿ. ಕಾಫಿ ವಿರಾಮದ ಗದ್ದಲದಲ್ಲಿ ಅದೇ ಹೋಗಿತ್ತು.

ವಿರಾಮದಲ್ಲಿ ಯಾರೂ ಕೋಣೆ ಬಿಟ್ಟಿರಲಿಲ್ಲ. ಬಾಗಿಲು ಹಾಕಿಕೊಂಡು ಬ್ಯಾಗು, ಕೋಟು, ಬೂಟು, ಕಸದ ಬುಟ್ಟಿ, ಕುರ್ಚಿಯ ಅಡಿಭಾಗ ಎಲ್ಲವನ್ನೂ ತಡಕಿದೆವು. ಏನೂ ಸಿಗಲಿಲ್ಲ. ಪ್ರತಿ ಸಿಗದಿದ್ದರೆ ಪರೀಕ್ಷೆ ರದ್ದು. ನೂರಾರು ಕಿರಿಯ ವೈದ್ಯರಿಗೆ ಒಂದು ವರ್ಷ ಹಾಳು. ಮಾರಿಕೊಂಡರೇನೋ ಎಂಬ ಅನುಮಾನ ಬೀಳುವುದು ಮೊದಲು ಹೆಲ್ಗಾ ಮೇಲೆಯೇ.

"ಎಮೆಟ್, ನೀನಾದ್ರೂ ನನ್ನ ನಂಬ್ತೀಯಾ?" ಎಂದು ಅವರು ನನ್ನ ಪಕ್ಕದವನನ್ನು ಕೇಳಿದರು.

ಎಮೆಟ್ ಟ್ರಸ್ಕಾಟ್ ಊರೂರು ಅಲೆದು ಸಾಂಕ್ರಾಮಿಕಗಳ ಮೂಲ ಪತ್ತೆ ಹಚ್ಚಿದವನು. ಆ ಅಲೆದಾಟದಲ್ಲೆಲ್ಲ ನಾನು ಅವನ ಜೊತೆಗಿದ್ದೆ. ಸಮಾಧಾನ ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಬೆಳಗ್ಗೆಯಿಂದ ನಡೆದದ್ದನ್ನು ಒಂದೂ ಬಿಡದೆ ಹೇಳು ಎಂದು ನನ್ನ ಕಡೆ ತಿರುಗಿದ.

ಹೇಳಿದೆ. ಶರತ್ಕಾಲದ ಸಭೆ ಎಂದಿನಂತೆ ಫ್ಲೂ ಸೂಜಿಯಿಂದ ಶುರುವಾಗಿತ್ತು. ಕ್ರಿಸ್ಪಿನ್ ಹ್ಯಾಲೊವೆಲ್ ಎಲ್ಲರಿಗೂ ಚುಚ್ಚಿದ. "ನಿಧಾನ ಕಣಯ್ಯಾ, ನಾನೇನು ಕಲ್ಲಂಗಡಿನಾ?" ಎಂದು ಬಿಯಾಟ್ರಿಸ್ ಓರ್ಟೇಗಾ ರೇಗಿಸಿದಳು. ಬಳಸಿದ ಸೂಜಿಗಳು ಹೊಸ ಕೆಂಪು ಡಬ್ಬದ ತಳಕ್ಕೆ ಟಣ್ ಟಣ್ ಎಂದು ಬಿದ್ದವು. ಆಮೇಲೆ ಪ್ರಶ್ನೆಗಳ ಚರ್ಚೆ, ಕಾಫಿ. ಕಾಫಿಯ ನಂತರ ಕ್ರಿಸ್ಪಿನ್, ತನ್ನ ಆಸ್ಪತ್ರೆಯಲ್ಲಿ ಸುಡಿಸುತ್ತೇನೆಂದು ಡಬ್ಬದ ಮುಚ್ಚಳ ಬಿಗಿದು, ಸದ್ದಿಲ್ಲದೆ ಎತ್ತಿ ತನ್ನ ಕೋಟಿನ ಪಕ್ಕ ಇಟ್ಟ.

ಎಮೆಟ್ ಒಬ್ಬೊಬ್ಬರನ್ನೇ ದಿಟ್ಟಿಸಿದ. ಹುಡುಕಿ ಸುಸ್ತಾದವರ ಮೌನವೇ ಬೇರೆ, ಅಡಗಿಸಿಟ್ಟವನ ಮೌನವೇ ಬೇರೆ ಎಂದು ಅವನು ಆಗಾಗ ಹೇಳುತ್ತಿದ್ದುದುಂಟು. ನನಗೆ ಮಾತ್ರ ಎರಡೂ ಒಂದೇ ಥರ ಕೇಳುತ್ತಿದ್ದವು. ಕೊನೆಗೆ ಅವನು ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದ.

"ಕ್ರಿಸ್ಪಿನ್, ಆ ಡಬ್ಬ ಸ್ವಲ್ಪ ಅಲ್ಲಾಡಿಸು."

ಕ್ರಿಸ್ಪಿನ್ ಕದಲಲಿಲ್ಲ. ಬಿಯಾಟ್ರಿಸ್ ಎದ್ದು ಅಲ್ಲಾಡಿಸಿದಳು. ಒಳಗಿಂದ ಸಣ್ಣ ಸದ್ದೂ ಬರಲಿಲ್ಲ.

"ಅಷ್ಟು ದೊಡ್ಡ ಡಬ್ಬದಲ್ಲಿ ನಾಲ್ಕಾರು ಸೂಜಿ ಇದ್ರೆ ಗಿಲಕಿ ಥರ ಸದ್ದು ಮಾಡ್ಬೇಕು," ಎಂದ ಎಮೆಟ್. "ಬೆಳಗ್ಗೆ ಮಾಡ್ತಿತ್ತು. ಕಾಫಿ ಆದ್ಮೇಲೆ ಅದನ್ನ ಎತ್ತಿದಾಗ ಮಾಡ್ಲಿಲ್ಲ. ಅಂದ್ರೆ ನಡುವೆ ಒಳಗೆ ಏನೋ ತುಂಬ್ಕೊಂಡಿದೆ. ಆಮೇಲೆ ಮುಚ್ಚಳ ಬಿಗಿದೋನು ಕ್ರಿಸ್ಪಿನ್ ಒಬ್ನೇ. ಹೊರಗೆ ಒಯ್ಯೋಕೆ ನೆಪ ಇದ್ದಿದ್ದೂ ಅವನೊಬ್ನಿಗೇ."

"ನಾವು ಯಾಕೆ ಅದನ್ನ ನೋಡ್ಲಿಲ್ಲ?" ಎಂದರು ಹೆಲ್ಗಾ.

"ಪೊಲೀಸ್ನೋರಾಗಿದ್ರೆ ಮೊದ್ಲು ಅದನ್ನೇ ಒಡೀತಿದ್ರು. ಬಳಸಿದ ಸೂಜಿ ಡಬ್ಬಕ್ಕೆ ಕೈ ಹಾಕ್ಬಾರ್ದು ಅಂತ ಊರಿಗೆಲ್ಲ ಕಲಿಸೋರು ನಾವು. ನಮ್ಮ ಕೈ ತಾನಾಗೇ ಅದನ್ನ ಬಿಟ್ಟು ಮುಂದಕ್ಕೆ ಹೋಯ್ತು. ಅದು ಅವನಿಗೆ ಗೊತ್ತಿತ್ತು."

ಡಬ್ಬ ಕತ್ತರಿಸಿ, ಸುರುಳಿ ಸುತ್ತಿ ತುರುಕಿದ್ದ ಪ್ರತಿಯನ್ನು ಇಕ್ಕಳದಿಂದ ಹೊರತೆಗೆದೆವು. ಸೂಜಿಗಳು ಅದರ ಮಡಿಕೆಗಳಲ್ಲಿ ಸಿಕ್ಕಿಕೊಂಡಿದ್ದವು.

ಕ್ರಿಸ್ಪಿನ್ ಅಲ್ಲಗಳೆಯಲಿಲ್ಲ. ಅವನ ಮಗಳು ಈ ಬಾರಿ ಪರೀಕ್ಷೆಗೆ ಕೂರುವವಳಿದ್ದಳು. ಮದುವೆಯ ನಂತರ ಅವಳ ಹೆಸರು ಬೇರೆಯಾದ್ದರಿಂದ ನಮಗೆ ತಿಳಿದಿರಲಿಲ್ಲ. ಹಿಂದೆ ಎರಡು ಸಲ ನಪಾಸಾಗಿದ್ದಳು. ನಮ್ಮ ನಿಯಮದಂತೆ ಇದೇ ಕೊನೆಯ ಅವಕಾಶ. ಹೆಲ್ಗಾ ಹುಡುಕುವ ಮೊದಲೇ ನಕಲು ಮಾಡಿ ವಾಪಸ್ಸಿಡುವ ಲೆಕ್ಕ ಅವನದಾಗಿತ್ತು.

"ಅವಳಿಗೆ ಗೊತ್ತಿತ್ತಾ?" ಹೆಲ್ಗಾ ಕೇಳಿದರು.

"ಇಲ್ಲ. ಏನೇನೂ ಗೊತ್ತಿಲ್ಲ. ದಯವಿಟ್ಟು ಅವಳಿಗೆ ಹೇಳ್ಬೇಡಿ."

"ಪರೀಕ್ಷೆ ಉಳೀತು. ಅವಳೂ ಬರೀಲಿ, ಅವಳೊಬ್ಬಳಿಗೆ ಬೇರೆ ಪತ್ರಿಕೆ ಮಾಡಿ ಕೊಡ್ತೀವಿ. ಆದ್ರೆ ನಿನ್ನನ್ನ ಮಂಡಳಿಯಿಂದ ಯಾಕೆ ತೆಗೆದ್ವಿ ಅಂತ ನಾನು ಮುಚ್ಚಿಡೋಕಾಗಲ್ಲ, ಕ್ರಿಸ್ಪಿನ್. ನಾಳೆ ಬೇರೆಯೋರಿಂದ ಕೇಳೋದಕ್ಕಿಂತ ನೀನೇ ಹೇಳು."

ಮೇಜಿನ ಮೇಲಿದ್ದ ಸ್ಪೀಕರ್ ಫೋನನ್ನು ಅವನ ಕಡೆ ತಳ್ಳಿದರು. ಅವನು ನಂಬರು ಒತ್ತುವುದನ್ನೂ ಕಾಯುವುದನ್ನೂ ನೋಡುತ್ತಾ ಕೂತೆವು. ಎದ್ದು ಹೋಗಬೇಕೆಂದು ಯಾರಿಗೂ ಹೊಳೆಯಲಿಲ್ಲ.

"ಹೇಳಪ್ಪಾ," ಎಂದಿತು ಆ ಕಡೆಯ ದನಿ, ಗೆಲುವಾಗಿ. "ಓದ್ತಾ ಇದ್ದೆ. ಈ ಸಲ ಎಲ್ಲಾ ಅರ್ಥ ಆಗ್ತಿದೆ, ಗೊತ್ತಾ?"